ಮಿತ್ರ ಸೇನೆ ಸೇರಿಸ್ಕೊಂಡಾಗ ಆಟ ಕೆಡದ ಹಾಗೆ ಸ್ಪೆಷಲ್ ರೂಲ್ಸ್ ಬ್ಯಾಲೆನ್ಸ್ ಮಾಡೋದು ಹೇಗೆ

ಮಿನಿಯೇಚರ್ ವಾರ್‌ಗೇಮ್ (ಪುಟ್ಟ ಸೈನಿಕರ ಮಾಡೆಲ್ ಇಟ್ಕೊಂಡು ಟೇಬಲ್ ಮೇಲೆ ಡೈಸ್ ಉರುಳಿಸಿ ಆಡೋ ಯುದ್ಧದ ಆಟ) ಆಡೋರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರತ್ತೆ, ನನ್ನ ಆರ್ಮಿ ಜೊತೆ ಇನ್ನೊಂದು ಆರ್ಮಿಯ ನಾಲ್ಕು ಯೂನಿಟ್ (ಒಟ್ಟಿಗೆ ನಡೆಸೋ ತುಕಡಿ) ಸೇರಿಸ್ಕೊಂಡ್ರೆ ಹೆಂಗಿರತ್ತೆ ಅಂತ. ಆಸೆ ತಪ್ಪಲ್ಲ, ನನಗಂತೂ ಮಿತ್ರ ಸೇನೆ ಇರೋ ಆಟನೇ ಜಾಸ್ತಿ ಇಷ್ಟ. 1815ರ ವಾಟರ್‌ಲೂ ತಗೊಳ್ಳಿ, ವೆಲಿಂಗ್ಟನ್ ಕೈಕೆಳಗೆ ಬ್ರಿಟಿಷರ ಜೊತೆ ಹ್ಯಾನೋವರ್, ಬ್ರನ್ಸ್‌ವಿಕ್, ಡಚ್-ಬೆಲ್ಜಿಯನ್ ಪಡೆಗಳೂ ಇದ್ವು, ಮಧ್ಯಾಹ್ನ ಕಳೆದ ಮೇಲೆ ಪ್ರಷ್ಯನ್ನರು ಬೇರೆ ಬಂದು ಸೇರ್ಕೊಂಡ್ರು. ಇಂಥದ್ದನ್ನ ಟೇಬಲ್ ಮೇಲೆ ತರೋದೇ ಒಂದು ಖುಷಿ. ಆದ್ರೆ ರೂಲ್ಸ್ ಸರಿ ಇಲ್ದಿದ್ರೆ ಆ ಖುಷಿ ಎದುರಿಗೆ ಕೂತಿರೋನಿಗೆ ಸಿಗಲ್ಲ, ಅವನು ಎರಡನೇ ಟರ್ನ್‌ಗೇ ಸುಮ್ನೆ ಮಾಡೆಲ್ ಎತ್ತಿಡ್ತಾ ಕೂತಿರ್ತಾನೆ.

ಇದು ನಿಮ್ಮ ಗುಂಪಿಗೆ ನೀವೇ ರೂಲ್ಸ್ ಬರಿಯೋರಿಗೆ, ಕ್ಯಾಂಪೇನ್ ನಡೆಸೋರಿಗೆ, ಟೂರ್ನಮೆಂಟ್ ಇಡೋರಿಗೆ. ಯಾವ ಗೇಮ್ ಆದ್ರೂ ಪರವಾಗಿಲ್ಲ, ಮೂಲ ಲೆಕ್ಕ ಒಂದೇ.

ತೊಂದ್ರೆ ಶುರುವಾಗೋದು ಎಲ್ಲಿಂದ

ಒಂದು ಯೂನಿಟ್‌ಗೆ ಇಷ್ಟು ಪಾಯಿಂಟ್ಸ್ (ಅದನ್ನ ಆರ್ಮಿಗೆ ತಗೊಳ್ಳೋ ಬೆಲೆ) ಅಂತ ಇಡೋವಾಗ ಬರೆದೋರು ಅದನ್ನ ಅದರದ್ದೇ ಆರ್ಮಿ ಒಳಗೆ ಇಟ್ಟು ಅಳೆದಿರ್ತಾರೆ. ನಿಧಾನ ನಡಿಯೋ ಆರ್ಮಿಗೆ ಫಿರಂಗಿ ಅಗ್ಗಕ್ಕೆ ಕೊಟ್ಟಿರ್ತಾರೆ, ಯಾಕಂದ್ರೆ ಆ ಫಿರಂಗಿ ಮುಂದೆ ಅಡ್ಡ ನಿಲ್ಲೋಕೆ ಚುರುಕಾದ ಪಡೆ ಆ ಆರ್ಮಿಲಿ ಇಲ್ಲ, ಶತ್ರು ಕುದುರೆಪಡೆ ಬಂದ್ರೆ ಫಿರಂಗಿ ಹೋಯ್ತು. ಅಂದ್ರೆ ಆರ್ಮಿಯ ಬಲಹೀನತೆನೂ ಬೆಲೆಯ ಒಳಗೇ ಸೇರ್ಕೊಂಡಿದೆ. ಈಗ ಮಿತ್ರ ಸೇನೆಯಿಂದ ಅಗ್ಗದ ಕುದುರೆಪಡೆ ತಂದು ಅಡ್ಡ ನಿಲ್ಸಿದ್ರೆ ಫಿರಂಗಿ ಬೆಲೆ ಅಷ್ಟೇ ಇರತ್ತೆ, ಅದರ ಬಲಹೀನತೆ ಮಾತ್ರ ಮಾಯ. ಆರ್ಮಿಯ ರೂಲ್ಸ್ ಪುಸ್ತಕದಲ್ಲಿ ಒಂದಕ್ಷರ ಬದಲಾಗಿಲ್ಲ, ಆದ್ರೂ ಪಾಯಿಂಟ್ಸ್ ಲೆಕ್ಕ ಸುಳ್ಳಾಯ್ತು. ಮಿತ್ರ ಸೇನೆ ಬ್ಯಾಲೆನ್ಸ್ ಮಾಡೋದು ಅಂದ್ರೆ ಒಂದು ಆರ್ಮಿಯ ಗಡಿ ದಾಟಿ ಇನ್ನೊಂದಕ್ಕೆ ಏನೇನು ಹರಿದು ಹೋಗ್ತಿದೆ ಅಂತ ನೋಡಿ ಅದಕ್ಕೆ ಕಡಿವಾಣ ಹಾಕೋದು. ಯೂನಿಟ್ ಬಲ ಎಷ್ಟು ಅನ್ನೋದು ಆಮೇಲಿನ ಮಾತು.

ಮೊದಲನೇ ಹೆಜ್ಜೆ: ಮಿತ್ರರು ಯಾಕೆ ಬೇಕು, ಒಂದು ಸಾಲಲ್ಲಿ ಬರೀರಿ

ಕಥೆಗೆ ಬೇಕಾ, ಇರೋ ಮಾಡೆಲ್‌ಗಳನ್ನೆಲ್ಲ ಟೇಬಲ್ ಮೇಲೆ ಇಡೋಕೆ ಬೇಕಾ, ಇಲ್ಲ ಒಂದು ಸಣ್ಣ ಆರ್ಮಿ ಒಂಟಿಯಾಗಿ ನಿಲ್ಲಲಾರದು ಅಂತ ಬೇಕಾ. ಮೂರಕ್ಕೂ ರೂಲ್ ಬೇರೆ ಬೇರೆ ಆಗತ್ತೆ. ಕಥೆಗೆ ಬೇಕು ಅಂದ್ರೆ ಯಾರು ಯಾರ ಜೊತೆ ಸೇರಬಹುದು ಅನ್ನೋದನ್ನ ಬಿಗಿ ಮಾಡಿ, ಮಾಡೆಲ್ ಇಡೋಕೆ ಅಂದ್ರೆ ಸೇರೋದನ್ನ ಸಡಿಲ ಬಿಟ್ಟು ಬಫ್ (ಯೂನಿಟ್‌ನ ಬಲ ಹೆಚ್ಚಿಸೋ ರೂಲ್) ಹಂಚ್ಕೊಳ್ಳೋದನ್ನ ಪೂರ್ತಿ ನಿಲ್ಲಿಸಿ. ಈ ಸಾಲು ಬರ್ದಿಟ್ಕೊಳ್ಳದೆ ಮುಂದೆ ಹೋದ್ರೆ ಆಮೇಲೆ ಪ್ರತಿ ಜಗಳದಲ್ಲೂ ಒಂದೊಂದು ದಿಕ್ಕಿಗೆ ಎಳೀತಾರೆ.

ಎರಡನೇ ಹೆಜ್ಜೆ: ಗಡಿ ದಾಟೋ ರೂಲ್‌ಗಳನ್ನ ಹುಡುಕಿ

ಎರಡೂ ಆರ್ಮಿಯ ಸ್ಪೆಷಲ್ ರೂಲ್ಸ್ ಒಂದು ಹಾಳೆ ಮೇಲೆ ಬರ್ಕೊಳ್ಳಿ. ತಾನು ತನ್ನ ಪಾಡಿಗೆ ಇರೋ ರೂಲ್‌ಗಳನ್ನ, ಅಂದ್ರೆ ಈ ಯೂನಿಟ್ ಚಾರ್ಜ್ ಮಾಡಿದಾಗ (ಶತ್ರು ಮೇಲೆ ನುಗ್ಗಿದಾಗ) ಒಂದು ಅಟ್ಯಾಕ್ ಜಾಸ್ತಿ ಅನ್ನೋ ಥರದ್ದನ್ನ, ಹೊಡೆದು ಹಾಕಿ, ಅವು ನಿಮ್ಮ ತಲೆನೋವಲ್ಲ. ಉಳಿಯೋದು ಔರಾಗಳು (ಇಷ್ಟು ಇಂಚು ಒಳಗಿರೋ ಫ್ರೆಂಡ್ಲಿ ಯೂನಿಟ್‌ಗೆ ಹಿಂಗೆ), ಗುರಿ ತೋರಿಸಿ ಹಾಕೋ ಮಂತ್ರ ಮತ್ತು ಆರ್ಡರ್‌ಗಳು, ಬೇರೆ ಯೂನಿಟ್ ಒಳಗೆ ಸೇರ್ಕೊಳ್ಳೋ ಹೀರೋಗಳು, ಬೇರೆಯವರನ್ನ ಹೊತ್ಕೊಂಡು ಹೋಗೋ ಗಾಡಿಗಳು, ಇಡೀ ಆರ್ಮಿಗೆ ಸೇರಿ ಇರೋ ಕಮಾಂಡ್ ಪಾಯಿಂಟ್ (ಆಟದ ನಡುವೆ ವಿಶೇಷ ಕೆಲಸಕ್ಕೆ ಖರ್ಚು ಮಾಡೋದು) ಥರದ ಖಜಾನೆ. ಇನ್ನೊಂದು ಜಾತಿ ಇದೆ, ಅದನ್ನ ಜನ ಮರ್ತೇ ಬಿಡ್ತಾರೆ, ಶತ್ರುವನ್ನ ಕುಗ್ಗಿಸೋ ರೂಲ್. ಶತ್ರು ಯೂನಿಟ್‌ನ ಆರ್ಮರ್ ಒಂದು ಕಮ್ಮಿ ಅಂತ ಮಾಡೋ ಮಂತ್ರ ಇದ್ರೆ ಅದರ ಲಾಭ ನಿಮ್ಮ ಪಡೆಗೂ ಮಿತ್ರನ ಪಡೆಗೂ ಇಬ್ಬರಿಗೂ ಸಿಗತ್ತೆ, ಫ್ರೆಂಡ್ಲಿ ಅನ್ನೋ ಪದವನ್ನ ಎಷ್ಟೇ ಬಿಗಿ ಮಾಡಿದ್ರೂ ಇದು ನುಸುಳ್ಕೊಂಡು ಬರತ್ತೆ.

ಮೂರನೇ ಹೆಜ್ಜೆ: ಡೈಸ್ ಲೆಕ್ಕ ಹಾಕಿ

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಮಿತ್ರ ಸೇನೆಯ ಕಾಂಬೊಗಳಲ್ಲಿ (ಎರಡು ರೂಲ್ ಸೇರಿ ಅತಿ ಬಲವಾಗೋ ಜೋಡಿ) ಬಹುಪಾಲು ಇಲ್ಲೇ ಹುಟ್ಟೋದು.

ಉದಾಹರಣೆಗೆ ಎರಡು ಕಾಲ್ಪನಿಕ ಆರ್ಮಿ ಇಟ್ಕೊಳ್ಳಿ. ಕೋಟೆ ಪಡೆಯ ಬಂದೂಕುಗಾರರು 200 ಪಾಯಿಂಟ್ಸ್, 3+ಗೆ (ಡೈಸ್‌ನಲ್ಲಿ 3 ಅಥವಾ ಜಾಸ್ತಿ ಬಿದ್ರೆ) ಹಿಟ್ ಮಾಡ್ತಾರೆ. ಅವರ ಕ್ಯಾಪ್ಟನ್‌ಗೆ ಒಂದು ಔರಾ, 6 ಇಂಚು ಒಳಗಿರೋ ಫ್ರೆಂಡ್ಲಿ ಯೂನಿಟ್‌ಗೆ ಹಿಟ್ ರೋಲ್ ಮೇಲೆ +1. ಕಾಡು ಪಡೆಯ ಬಿಲ್ಲುಗಾರರೂ 200 ಪಾಯಿಂಟ್ಸ್, ಆದ್ರೆ ಸಂಖ್ಯೆ ಜಾಸ್ತಿ, ಗುರಿ ಕಮ್ಮಿ, 5+ಗೆ ಹಿಟ್.

ಕ್ಯಾಪ್ಟನ್ ತನ್ನ ಜನದ ಪಕ್ಕ ನಿಂತ್ರೆ ಆರು ಮುಖದಲ್ಲಿ ನಾಲ್ಕು ಹಿಟ್ ಆಗ್ತಿದ್ದದ್ದು ಐದಾಗತ್ತೆ, ಅಂದ್ರೆ 25 ಪರ್ಸೆಂಟ್ ಜಾಸ್ತಿ, 200ರ ಯೂನಿಟ್‌ಗೆ ಸುಮಾರು 50 ಪಾಯಿಂಟ್ಸ್ ಲಾಭ, ಸರಿ, ಔರಾಗೆ 50 ಪಾಯಿಂಟ್ಸ್ ಅಂತ ಇಟ್ಟಿದ್ರೆ ನ್ಯಾಯವಾಗಿದೆ. ಅದೇ ಕ್ಯಾಪ್ಟನ್ ಬಿಲ್ಲುಗಾರರ ಪಕ್ಕ ಹೋಗಿ ನಿಂತ್ರೆ ಎರಡು ಮುಖ ಇದ್ದದ್ದು ಮೂರಾಗತ್ತೆ, ಅದು 50 ಪರ್ಸೆಂಟ್, ಅಂದ್ರೆ 100 ಪಾಯಿಂಟ್ಸ್ ಲಾಭ. ಕೊಟ್ಟಿದ್ದು ಅದೇ 50. ಇನ್ನು 6+ಗೆ ಹೊಡಿಯೋ ಯೂನಿಟ್ ಸಿಕ್ಕಿದ್ರೆ ಒಂದು ಮುಖ ಎರಡಾಗತ್ತೆ, ನೇರವಾಗಿ ಡಬಲ್. ಗುರಿ ಕೆಟ್ಟಷ್ಟೂ +1ರ ಬೆಲೆ ಏರತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ, ಒಳ್ಳೆ ಗುರಿಕಾರರ ಆರ್ಮಿಲಿ ಹುಟ್ಟಿದ ಬಫ್ ಕೆಟ್ಟ ಗುರಿಕಾರರ ಆರ್ಮಿಗೆ ಹೋದ್ರೆ ಯಾವಾಗ್ಲೂ ಅಗ್ಗವೇ.

ರೀರೋಲ್‌ದೂ (ಡೈಸ್ ಮತ್ತೆ ಉರುಳಿಸೋದು) ಇದೇ ಕಥೆ. 3+ ಯೂನಿಟ್‌ಗೆ ಮಿಸ್ ಆದದ್ದೆಲ್ಲ ರೀರೋಲ್ ಅಂದ್ರೆ ಮೂರರಲ್ಲಿ ಎರಡು ಇದ್ದದ್ದು ಒಂಬತ್ತರಲ್ಲಿ ಎಂಟಾಗತ್ತೆ, ಮೂರನೇ ಒಂದರಷ್ಟು ಜಾಸ್ತಿ. 4+ ಯೂನಿಟ್‌ಗೆ ಅರ್ಧ ಇದ್ದದ್ದು ಮುಕ್ಕಾಲಾಗತ್ತೆ, ಅಂದ್ರೆ 50 ಪರ್ಸೆಂಟ್. ಒಂದು ಬಿದ್ರೆ ಮಾತ್ರ ರೀರೋಲ್ ಅನ್ನೋದು ಎಲ್ಲರಿಗೂ ಒಂದೇ ಸಮ, ಆರರಲ್ಲಿ ಒಂದು ಭಾಗ ಜಾಸ್ತಿ ಅಷ್ಟೇ, 2+ ಇರ್ಲಿ 5+ ಇರ್ಲಿ. ಅದಕ್ಕೇ ಮಿತ್ರರಿಗೂ ಒಂದು ಬಫ್ ಹಂಚಲೇಬೇಕು ಅಂತ ಇದ್ರೆ ನಾನು ಈ ಒಂದು ಬಿದ್ರೆ ರೀರೋಲ್ ಅನ್ನೋದನ್ನೇ ಕೊಡ್ತೀನಿ, ಅದು ಯಾರ ಕೈಗೆ ಹೋದ್ರೂ ಹುಚ್ಚಾಪಟ್ಟೆ ಆಗಲ್ಲ.

ಈಗ ಇದರ ಮೇಲೆ ಕಾಡು ಪಡೆಯ ಮಾಂತ್ರಿಕ ಒಬ್ಬ ತನ್ನ ಬಿಲ್ಲುಗಾರರಿಗೆ ಗಾಯದ ರೋಲ್ (ಹಿಟ್ ಆದದ್ದು ಗಾಯ ಮಾಡ್ತಾ ಅಂತ ನೋಡೋ ಎರಡನೇ ರೋಲ್) ಮೇಲೆ +1 ಕೊಡ್ತಾನೆ ಅಂತಿಟ್ಕೊಳ್ಳಿ, ಅದೂ 5+ಯಿಂದ 4+ಗೆ. ಎರಡು ಬಫ್ ಕೂಡೋದಿಲ್ಲ, ಗುಣಿಸತ್ತೆ. ಒಂದೂವರೆ ಇಂಟು ಒಂದೂವರೆ, ಎರಡೂಕಾಲು. 200 ಪಾಯಿಂಟ್ಸ್ ಬಿಲ್ಲುಗಾರರು 450 ಪಾಯಿಂಟ್ಸ್ ಯೂನಿಟ್ ಥರ ಬಾಣ ಬಿಡ್ತಾರೆ, ಖರ್ಚಾದದ್ದು ಎರಡು ಬಫ್‌ಗೆ ತಲಾ 50 ಅಂದ್ರೂ ಒಟ್ಟು 300. ಒಂದೇ ಆರ್ಮಿ ಒಳಗೆ ಈ ಎರಡೂ ಬಫ್ ಒಟ್ಟಿಗೆ ಇದ್ದಿದ್ರೆ ಬರೆದೋರಿಗೆ ಕಣ್ಣಿಗೆ ಬಿದ್ದಿರೋದು, ಬೇರೆ ಬೇರೆ ಪುಸ್ತಕದಲ್ಲಿ ಇರೋದ್ರಿಂದ ತಪ್ಪಿಸ್ಕೊಂಡು ಹೋಗತ್ತೆ.

ವಾರ್‌ಹ್ಯಾಮರ್ 40,000 ಅನ್ನೋ ಗೇಮ್‌ನಲ್ಲಿ ಇದು ದೊಡ್ಡದಾಗೇ ನಡೀತು. 2012ರಲ್ಲಿ ಬಂದ ಆರನೇ ಎಡಿಷನ್‌ನಲ್ಲಿ ಯಾರ ಜೊತೆ ಯಾರಿಗೆ ಎಷ್ಟು ನಂಬಿಕೆ ಅಂತ ಒಂದು ದೊಡ್ಡ ಕೋಷ್ಟಕವೇ ಇತ್ತು. ಬ್ಯಾಟಲ್ ಬ್ರದರ್ಸ್ ಅನ್ನೋ ಮೇಲಿನ ಮಟ್ಟದಲ್ಲಿ ಇದ್ರೆ ಒಬ್ಬರ ಹೀರೋ ಇನ್ನೊಬ್ಬರ ಯೂನಿಟ್ ಒಳಗೇ ಸೇರ್ಕೋಬಹುದಿತ್ತು, ಟಾವ್ ಮತ್ತು ಎಲ್ಡಾರ್ ಅನ್ನೋ ಎರಡು ಆರ್ಮಿ ಆ ಮಟ್ಟದಲ್ಲಿದ್ವು, 2013ರಲ್ಲಿ ಎರಡಕ್ಕೂ ಹೊಸ ಪುಸ್ತಕ ಬಂದ ಮೇಲೆ ಟಾವ್‌ಡಾರ್ ಅಂತ ಹೆಸರಿಡೋ ಅಷ್ಟು ಮಟ್ಟಿಗೆ ಆ ಜೋಡಿ ಎಲ್ಲ ಕಡೆ ಕಾಣಿಸ್ತು. ಕೋಷ್ಟಕದ ಐಡಿಯಾ ಚೆನ್ನಾಗೇ ಇತ್ತು ಅಂತ ನಾನು ಈಗ್ಲೂ ಹೇಳ್ತೀನಿ, ಮಟ್ಟಗಳ ನಡುವಿನ ಅಂತರ ಮಾತ್ರ ತೀರಾ ಜಾಸ್ತಿ ಇತ್ತು.

ನಾಲ್ಕನೇ ಹೆಜ್ಜೆ: ಫ್ರೆಂಡ್ಲಿ ಯಾರು, ಮಿತ್ರ ಯಾರು, ಬೇರೆ ಬೇರೆ ಹೇಳಿ

ನಿಮ್ಮ ರೂಲ್ಸ್ ಹಾಳೆಯ ಮೊದಲ ಸಾಲೇ ಇದಾಗಿರ್ಲಿ: ಒಂದು ಸ್ಪೆಷಲ್ ರೂಲ್ ಅದರ ಸ್ವಂತ ಆರ್ಮಿಯ ಯೂನಿಟ್‌ಗಳಿಗೆ ಮಾತ್ರ ಅನ್ವಯ, ಮಿತ್ರರಿಗೂ ಅಂತ ಬರೆದಿದ್ರೆ ಮಾತ್ರ ಮಿತ್ರರಿಗೆ. ಅಂದ್ರೆ ಬಾಗಿಲು ಮುಚ್ಚಿರೋದೇ ಮಾಮೂಲು, ಬೇಕಾದ ಕಡೆ ಒಂದೊಂದಾಗಿ ತೆಗೀರಿ. ಎಲ್ಲ ತೆಗೆದಿಟ್ಟು ತೊಂದ್ರೆ ಬಂದಾಗ ಒಂದೊಂದೇ ಮುಚ್ಚೋಕೆ ಹೋದ್ರೆ ಕಾಂಬೊ ಹುಡುಕೋರು ಯಾವಾಗ್ಲೂ ನಿಮಗಿಂತ ಎರಡು ಹೆಜ್ಜೆ ಮುಂದೆ ಇರ್ತಾರೆ.

ಆದ್ರೆ ಪೂರ್ತಿ ಮುಚ್ಚಿಡಬೇಡಿ. ಮಿತ್ರರು ಒಬ್ಬರ ಪಕ್ಕ ಒಬ್ಬರು ನಿಂತೂ ಏನೂ ಸಂಬಂಧ ಇಲ್ಲದಂಗೆ ಇದ್ರೆ ಆಟ ಸಪ್ಪೆ. ಪ್ರತಿ ಜೋಡಿಗೆ ಒಂದೇ ಒಂದು ಸೇತುವೆ ಕೊಡಿ, ಅದು ಆ ಜೋಡಿಯ ಕಥೆಗೆ ಹೊಂದೋ ಹಾಗಿರ್ಲಿ. ಕೋಟೆ ಪಡೆ ಮತ್ತು ಕಾಡು ಪಡೆಗೆ ನಾನಾದ್ರೆ, ಕಾಡಿನ ಬೇಹುಗಾರರು ನೋಡ್ತಿರೋ ಶತ್ರು ಮೇಲೆ ಕೋಟೆಯ ಒಂದು ಫಿರಂಗಿ ಟರ್ನ್‌ಗೆ ಒಂದು ಸಲ ಮರೆಯಿಂದ (ತಾನು ಶತ್ರುವನ್ನ ನೋಡದೆಯೇ) ಹೊಡೀಬಹುದು ಅಂತ ಬರೀತೀನಿ. ಇದರಲ್ಲಿ ಯಾವ ಡೈಸ್ ಮೇಲೂ ಪ್ಲಸ್ ಇಲ್ಲ, ಗುಣಿಸೋ ಭಯ ಇಲ್ಲ, ಎದುರಾಳಿಗೂ ದಾರಿ ಇದೆ, ಬೇಹುಗಾರರನ್ನ ಓಡಿಸಿದ್ರೆ ಮುಗೀತು. ನೋಟ, ಚಲನೆ, ಜಾಗ ಇವನ್ನ ಹಂಚೋ ಬಫ್‌ಗಳು ಹಿಟ್ ಮತ್ತು ಗಾಯ ಹಂಚೋ ಬಫ್‌ಗಳಿಗಿಂತ ಕಡಿಮೆ ಅಪಾಯ. ಇದ್ರಲ್ಲೂ ಒಂದು ಅಪವಾದ ಇದೆ, ಬೇರೆಯವರನ್ನ ಹೊತ್ತೊಯ್ಯೋ ಗಾಡಿಗಳು, ನಿಧಾನದ ಭಾರೀ ಪಡೆಗೆ ಮಿತ್ರರ ಚುರುಕು ಗಾಡಿ ಕೊಟ್ರೆ ಆ ಪಡೆಯ ಇಡೀ ಬೆಲೆಯ ಆಧಾರವೇ ಕುಸೀತು.

ಐದನೇ ಹೆಜ್ಜೆ: ಎಷ್ಟರವರೆಗೆ

ಇದಕ್ಕೆ ಆಗಲೇ ಚೆನ್ನಾಗಿ ಓಡಿದ ಅಂಕಿಗಳಿವೆ, ಹೊಸದಾಗಿ ತಲೆ ಕೆಡಿಸ್ಕೊಳ್ಳೋದು ಬೇಡ. ಕಿಂಗ್ಸ್ ಆಫ್ ವಾರ್ ಗೇಮ್‌ನ ಮೂರನೇ ಎಡಿಷನ್‌ನಲ್ಲಿ ಮಿತ್ರರಿಗೆ ಒಟ್ಟು ಪಾಯಿಂಟ್ಸ್‌ನ 25 ಪರ್ಸೆಂಟ್ ಮಿತಿ ಇತ್ತು. ಏಜ್ ಆಫ್ ಸಿಗ್ಮಾರ್‌ನಲ್ಲಿ 2017ರಿಂದ 2000 ಪಾಯಿಂಟ್ಸ್ ಆಟಕ್ಕೆ 400, ಜೊತೆಗೆ ನಾಲ್ಕು ಯೂನಿಟ್‌ಗೆ ಒಂದು ಮಾತ್ರ ಮಿತ್ರರದ್ದು ಅಂತ ಇಟ್ಟಿದ್ರು. ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಅಷ್ಟರೊಳಗೆ ಇದ್ರೆ ಮುಖ್ಯ ಆರ್ಮಿಯ ಗುಣ ಉಳಿಯತ್ತೆ.

ಮೇಲಿನ ಮಿತಿಯಷ್ಟೇ ಮುಖ್ಯ ಕೆಳಗಿನ ಮಿತಿ. ಮೇಲಿನದ್ದು ಮಾತ್ರ ಇದ್ರೆ ಜನ ಮಿತ್ರರ ಪುಸ್ತಕದಿಂದ ಅತ್ಯುತ್ತಮವಾದ ಒಂದೇ ಹೀರೋನ ಕಿತ್ಕೊಂಡು ಬರ್ತಾರೆ, ಆ ಆರ್ಮಿಯ ಸಾಮಾನ್ಯ ಸೈನಿಕರನ್ನ ಯಾರೂ ತರಲ್ಲ. ಹಾಗಾಗಿ ಒಬ್ಬ ಮಿತ್ರ ಹೀರೋ ಬರಬೇಕಾದ್ರೆ ಅವನ ಜೊತೆ ಅವನದ್ದೇ ಆರ್ಮಿಯ ಎರಡು ಸಾಮಾನ್ಯ ಯೂನಿಟ್ ಬರ್ಲೇಬೇಕು ಅಂತ ಇಡಿ, ಒಂದು ಹೆಸರಾಂತ ವ್ಯಕ್ತಿ, ಒಂದು ದೈತ್ಯ ಮಾಡೆಲ್ ಇಂಥವು ಮಿತ್ರರಾಗಿ ಬೇಡವೇ ಬೇಡ.

ಆರನೇ ಹೆಜ್ಜೆ: ಖಜಾನೆ ಬೇರೆ ಬೇರೆ ಇಡಿ

ಗೇಮ್‌ನಲ್ಲಿ ಕಮಾಂಡ್ ಪಾಯಿಂಟ್, ಆರ್ಡರ್ ಡೈಸ್, ಮ್ಯಾಜಿಕ್ ಡೈಸ್ ಥರದ್ದು ಏನೇ ಇದ್ರೂ ಮಿತ್ರ ಸೇನೆ ತಂದದ್ದನ್ನ ಮಿತ್ರ ಸೇನೆಯೇ ಖರ್ಚು ಮಾಡ್ಬೇಕು. 40,000ದ ಎಂಟನೇ ಎಡಿಷನ್ ನೆನಪಿರೋರಿಗೆ ಲಾಯಲ್ 32 ಅಂದ್ರೆ ಸಾಕು. ಇಬ್ಬರು ಕಂಪನಿ ಕಮಾಂಡರ್, ಹತ್ತತ್ತು ಜನರ ಮೂರು ಇನ್‌ಫೆಂಟ್ರಿ ಸ್ಕ್ವಾಡ್, ಒಟ್ಟು 32 ಮಾಡೆಲ್, 180 ಪಾಯಿಂಟ್ಸ್. 2018ರಲ್ಲಿ ಬೆಟಾಲಿಯನ್‌ಗೆ (ಇದು ಒಂದು ಥರದ ಡಿಟ್ಯಾಚ್‌ಮೆಂಟ್, ಅಂದ್ರೆ ಆರ್ಮಿ ಕಟ್ಟೋ ಗುಂಪು) ಸಿಗೋ ಕಮಾಂಡ್ ಪಾಯಿಂಟ್ 3ರಿಂದ 5ಕ್ಕೆ ಏರಿದ ಮೇಲೆ ಇಂಪೀರಿಯಂ (ಆ ಗೇಮ್‌ನ ಮನುಷ್ಯರ ಸಾಮ್ರಾಜ್ಯ) ಕಡೆಯ ಲಿಸ್ಟ್‌ಗಳಲ್ಲಿ ಈ 32 ಜನ ಎಲ್ಲೆಲ್ಲೂ. ಅವರು ಹೊಡಿಯೋ ಗುಂಡಿಗಲ್ಲ ಅವರನ್ನ ತಗೋತಿದ್ದದ್ದು, ಅವರು ತರೋ ಕಮಾಂಡ್ ಪಾಯಿಂಟ್‌ನ ಪಕ್ಕದ ದೈತ್ಯ ನೈಟ್ (ಭಾರೀ ಯುದ್ಧಯಂತ್ರ) ಮೇಲೆ ಸುರಿಯೋಕೆ. 2020ರ ಒಂಬತ್ತನೇ ಎಡಿಷನ್‌ನಲ್ಲಿ ಇದನ್ನ ತಿರುಗಿಸಿಬಿಟ್ರು, ಆಟದ ಗಾತ್ರ ನೋಡಿ ಶುರುವಿಗೇ ಇಷ್ಟು ಅಂತ ಕೊಟ್ಟು, ಹೆಚ್ಚಿನ ಡಿಟ್ಯಾಚ್‌ಮೆಂಟ್ ಬೇಕಂದ್ರೆ ಅದರಿಂದಲೇ ಖರ್ಚು ಮಾಡಿ ಅಂದ್ರು. ನನ್ನ ಪ್ರಕಾರ ಅದು ಸರಿಯಾದ ದಿಕ್ಕು, ಮಿತ್ರರನ್ನ ತಂದ್ರೆ ಖಜಾನೆ ಕರಗಬೇಕೇ ಹೊರತು ತುಂಬಬಾರದು.

ಪುರಾತನ ಯುದ್ಧಗಳ ಡಿಬಿಎಂ ಅನ್ನೋ ಗೇಮ್ ಇದನ್ನ ಇನ್ನೂ ಸರಳವಾಗಿ ಮಾಡಿತ್ತು, ಮಿತ್ರ ಸೇನಾಪತಿಗೆ ಅವನದ್ದೇ ಡೈಸ್, ಆ ಡೈಸ್‌ನಿಂದ ಅವನ ಪಡೆಯನ್ನ ಮಾತ್ರ ನಡೆಸಬಹುದು. ಖಜಾನೆ ಹಂಚೋ ಪ್ರಶ್ನೆಯೇ ಇಲ್ಲ.

ಏಳನೇ ಹೆಜ್ಜೆ: ನಂಬಿಕೆಯ ರೂಲ್, ಬೇಕಿದ್ರೆ ಮಾತ್ರ

ಮಿತ್ರರು ಕೈ ಕೊಡೋದು ಇತಿಹಾಸದಲ್ಲಿ ಇದ್ದದ್ದೇ. 1485ರಲ್ಲಿ ಬಾಸ್ವರ್ತ್‌ನಲ್ಲಿ ಸ್ಟ್ಯಾನ್ಲಿಗಳ ಪಡೆ ಪಕ್ಕಕ್ಕೆ ನಿಂತು ನೋಡ್ತಿದ್ದು ಕೊನೆಗೆ ವಿಲಿಯಂ ಸ್ಟ್ಯಾನ್ಲಿ ಹೆನ್ರಿ ಟ್ಯೂಡರ್ ಪರವಾಗಿ ನುಗ್ಗಿದ, 1813ರ ಲೈಪ್‌ಜಿಗ್ ಯುದ್ಧದ ನಡುವೆಯೇ ಸ್ಯಾಕ್ಸನ್ ಪಡೆ ನೆಪೋಲಿಯನ್‌ನ ಬಿಟ್ಟು ಆ ಕಡೆ ಹೋಯ್ತು. ಇದನ್ನ ಆಟಕ್ಕೆ ತರೋ ಆಸೆ ಸಹಜ, ಆದ್ರೆ ಡೈಸ್ ಲೆಕ್ಕ ಮಾಡಿ ತನ್ನಿ. ಆಟದ ಶುರುವಲ್ಲಿ ಒಂದೇ ಸಲ ಉರುಳಿಸಿ ಒಂದು ಬಿದ್ರೆ ಕೈ ಕೊಡ್ತಾರೆ ಅಂದ್ರೆ ಅದು ಆರರಲ್ಲಿ ಒಂದು ಸಲ. ಅದೇ ಪ್ರತಿ ಟರ್ನ್ ಉರುಳಿಸಿ ಅಂದ್ರೆ ಐದು ಟರ್ನ್ ಆಟದಲ್ಲಿ ಒಂದು ಸಲನಾದ್ರೂ ಕೈ ಕೊಡೋ ಸಾಧ್ಯತೆ ಸುಮಾರು 60 ಪರ್ಸೆಂಟ್. ಬರೆಯೋವಾಗ ಎರಡೂ ಒಂದೇ ಥರ ಸಣ್ಣದಾಗಿ ಕಾಣತ್ತೆ, ಆಡೋವಾಗ ಭೂಮಿ ಆಕಾಶದ ವ್ಯತ್ಯಾಸ.

ಇನ್ನೊಂದು ಮಾತು, ಕಷ್ಟಪಟ್ಟು ಪೇಂಟ್ ಮಾಡಿದ ಯೂನಿಟ್ ಒಂದು ಡೈಸ್‌ನಿಂದ ಇಡೀ ಟರ್ನ್ ಸುಮ್ನೆ ನಿಂತ್ರೆ ಅದರಲ್ಲಿ ಯಾರಿಗೂ ಮಜಾ ಇಲ್ಲ, ಗೆದ್ದೋನಿಗೂ ಇಲ್ಲ. 40,000ದ ಆರನೇ ಎಡಿಷನ್‌ನಲ್ಲಿ ನಂಬಿಕೆ ಇಲ್ಲದ ಮಿತ್ರರು 6 ಇಂಚು ಒಳಗೆ ಬಂದ್ರೆ ಒಂದು ಬಿದ್ದಾಗ ಆ ಯೂನಿಟ್ ಏನೂ ಮಾಡೋ ಹಾಗಿರ್ಲಿಲ್ಲ. ಅದರಲ್ಲಿ 6 ಇಂಚು ಅನ್ನೋ ಭಾಗ ಒಳ್ಳೇದು, ಯಾಕಂದ್ರೆ ದೂರ ಇಟ್ಕೊಳ್ಳೋದು ಆಡೋನ ಕೈಲಿದೆ. ನಾನು ದೂರವನ್ನ ಉಳಿಸ್ಕೊಂಡು ಶಿಕ್ಷೆಯನ್ನ ಚಿಕ್ಕದು ಮಾಡ್ತೀನಿ: ಹತ್ತಿರ ಇದ್ರೆ ಆ ಟರ್ನ್ ಚಾರ್ಜ್ ಮಾಡೋಂಗಿಲ್ಲ, ಅಥವಾ ಆಬ್ಜೆಕ್ಟಿವ್ (ಹಿಡಿದ್ರೆ ಅಂಕ ಸಿಗೋ ಜಾಗ) ಹಿಡಿಯೋಂಗಿಲ್ಲ, ಡೈಸೇ ಬೇಡ. ಆಡೋನಿಗೆ ಮೊದಲೇ ಗೊತ್ತಿರೋ ತೊಡಕು ಅವನನ್ನ ಯೋಚನೆ ಮಾಡೋ ಹಾಗೆ ಮಾಡತ್ತೆ. ಮತ್ತೆ ನಂಬಿಕೆಯ ರೂಲ್ ಇದೆ ಅಂತ ಬಫ್‌ಗಳನ್ನ ಸಡಿಲ ಬಿಡಬೇಡಿ. ಕೈ ಕೊಡದ ದಿನ ಎದುರಾಳಿ ಆ ಪೂರ್ತಿ ಕಾಂಬೊ ಎದುರಿಸಬೇಕಾಗತ್ತೆ, ಅವನಿಗೆ ಸರಾಸರಿ ಸರಿಯಾಗಿದೆ ಅನ್ನೋದರಿಂದ ಏನೂ ಸಮಾಧಾನ ಸಿಗಲ್ಲ.

ಎಂಟನೇ ಹೆಜ್ಜೆ: ಒಂಟಿಯಾಗಿ ಬರೋ ಆರ್ಮಿಗೆ ಏನಾದ್ರೂ ಕೊಡಿ

ಮಿತ್ರರನ್ನ ತರದೆ ಒಂದೇ ಆರ್ಮಿ ಆಡೋನು ಹಿಂದೆ ಬೀಳಬಾರದು. 2019ರಲ್ಲಿ 40,000ದ ಸ್ಪೇಸ್ ಮರೀನ್‌ಗಳಿಗೆ ಹೀಗೆ ಪೂರ್ತಿ ಆರ್ಮಿ ಅವರದ್ದೇ ಆಗಿದ್ರೆ ಮಾತ್ರ ಕಾಂಬ್ಯಾಟ್ ಡಾಕ್ಟ್ರಿನ್ ಅಂತ ಒಂದು ಬಫ್ ಕೊಟ್ರು. ಶಿಕ್ಷೆಗಿಂತ ಬಹುಮಾನ ಯಾವಾಗ್ಲೂ ಚೆನ್ನ, ಆದ್ರೆ ಬಹುಮಾನ ದೊಡ್ಡದಾದ್ರೆ ಮಿತ್ರರನ್ನ ತರೋದು ಮೂರ್ಖತನ ಆಗಿಬಿಡತ್ತೆ, ಆಗ ನೀವು ಬರೆದ ಹಾಳೆ ಯಾರೂ ಓದಲ್ಲ. ಚಿಕ್ಕದು ಸಾಕು: ಮೊದಲ ಟರ್ನ್ ರೋಲ್‌ಗೆ ಒಂದು ರೀರೋಲ್, ಅಥವಾ ಒಂದು ಹೆಚ್ಚಿನ ಕಮಾಂಡ್ ಪಾಯಿಂಟ್.

ಒಂಬತ್ತನೇ ಹೆಜ್ಜೆ: ಬರೀರಿ, ಬಿಗಿಯಾಗಿ

ನಮ್ಮ ಎರಡು ಪಡೆಗೆ ಇದು ಹಿಂಗಾಗತ್ತೆ:

"ಕೋಟೆ ಪಡೆ ಮುಖ್ಯ ಸೇನೆ ಆಗಿದ್ದಾಗ ಒಟ್ಟು ಪಾಯಿಂಟ್ಸ್‌ನ ನಾಲ್ಕನೇ ಒಂದು ಭಾಗದವರೆಗೆ ಕಾಡು ಪಡೆಯಿಂದ ತಗೋಬಹುದು. ಕಾಡು ಪಡೆಯ ಪ್ರತಿ ಹೀರೋಗೆ ಎರಡು ಸಾಮಾನ್ಯ ಯೂನಿಟ್ ಕಡ್ಡಾಯ. ಮಿತ್ರ ಯೂನಿಟ್‌ಗಳು ಫ್ರೆಂಡ್ಲಿ ಅಲ್ಲ, ಶತ್ರುವೂ ಅಲ್ಲ. ಅವುಗಳ ಮೇಲೆ ದಾಳಿ ಮಾಡುವಂತಿಲ್ಲ, ಒಂದರ ಔರಾ, ಮಂತ್ರ, ಆರ್ಡರ್, ಗಾಡಿ ಇನ್ನೊಂದಕ್ಕೆ ಸಿಗುವುದಿಲ್ಲ. ಶತ್ರುವನ್ನು ಕುಗ್ಗಿಸುವ ರೂಲ್ ಅದನ್ನು ಹಾಕಿದ ಸೇನೆಯ ದಾಳಿಗೆ ಮಾತ್ರ ಅನ್ವಯ. ಬೇಹುಗಾರರು ನೋಡುತ್ತಿರುವ ಒಂದು ಶತ್ರು ಯೂನಿಟ್ ಮೇಲೆ ಟರ್ನ್‌ಗೆ ಒಂದು ಸಲ ಒಂದು ಫಿರಂಗಿ ಮರೆಯಿಂದ ಹೊಡೆಯಬಹುದು."

ಇಷ್ಟು ಬರೆದ ಮೇಲೂ ಕೇಳೋ ಪ್ರಶ್ನೆಗಳಿಗೆ ಉತ್ತರ ಮೊದಲೇ ಇಟ್ಕೊಳ್ಳಿ. ಮಿತ್ರ ಯೂನಿಟ್ ನಡುವಿಂದ ದಾಟಿ ನಡೀಬಹುದಾ, ಮಿತ್ರರು ಓಡಿ ಹೋದ್ರೆ ಪಕ್ಕದವರಿಗೆ ಮೊರಾಲ್ ಟೆಸ್ಟ್ (ಧೈರ್ಯ ಉಳೀತಾ ಅಂತ ನೋಡೋ ರೋಲ್) ಇದೆಯಾ, ಮಿತ್ರ ಯೂನಿಟ್ ಆಬ್ಜೆಕ್ಟಿವ್ ಹಿಡಿದ್ರೆ ಪಾಯಿಂಟ್ ಯಾರಿಗೆ, ಜನರಲ್ ಮಿತ್ರರಿಂದ ಆಗಬಹುದಾ. ಕೊನೆಯದಕ್ಕೆ ಆಗಬಾರದು ಅಂತಲೇ ಬರೀರಿ.

ಹತ್ತನೇ ಹೆಜ್ಜೆ: ಆಡಿ ನೋಡಿ, ಆದ್ರೆ ಗೆಲುವು ಎಣಿಸಬೇಡಿ

ಹತ್ತು ಆಟ ಆಡಿ ಮಿತ್ರ ಸೇನೆ ಏಳು ಗೆದ್ರೆ ರೂಲ್ ಕೆಟ್ಟಿದೆ ಅಂತ ಜನ ಹೇಳ್ಬಿಡ್ತಾರೆ. ಪೂರ್ತಿ ಸಮಬಲದ ಇಬ್ಬರು ಹತ್ತು ಆಟ ಆಡಿದ್ರೂ ಯಾರಾದ್ರೂ ಒಬ್ಬರು ಏಳು ಅಥವಾ ಜಾಸ್ತಿ ಗೆಲ್ಲೋ ಸಾಧ್ಯತೆ 34 ಪರ್ಸೆಂಟ್ ಇದೆ, ಅಂದ್ರೆ ಆ ಅಂಕಿಯಿಂದ ಏನೂ ಗೊತ್ತಾಗಲ್ಲ. ಒಂದು ಗುಂಪು ಆಡೋ ಆಟಗಳ ಸಂಖ್ಯೆ ಇಂಥ ಲೆಕ್ಕಕ್ಕೆ ಸಾಲೋದೇ ಇಲ್ಲ. ಅದರ ಬದಲು ಆಟ ಯಾವಾಗ, ಯಾಕೆ ತಿರುಗ್ತು ಅಂತ ಬರ್ಕೊಳ್ಳಿ. ಪ್ರತಿ ಸಲ ಅದೇ ಯೂನಿಟ್, ಅದೇ ಬಫ್, ಅದೇ ಎರಡನೇ ಟರ್ನ್ ಅಂತ ಬಂದ್ರೆ ಮೂರೇ ಆಟಕ್ಕೆ ಗೊತ್ತಾಗತ್ತೆ.

ಒಂದೇ ಲಿಸ್ಟ್‌ನ ಮಿತ್ರರ ಜೊತೆ ಒಂದು ಸಲ, ಮಿತ್ರರಿಲ್ಲದೆ ಅಷ್ಟೇ ಪಾಯಿಂಟ್ಸ್‌ಗೆ ಒಂದು ಸಲ ಆಡಿ, ಆಮೇಲೆ ಆರ್ಮಿ ಅದಲು ಬದಲು ಮಾಡ್ಕೊಂಡು ಆಡಿ, ಇಲ್ಲಾಂದ್ರೆ ಆಡೋನ ಕೈಚಳಕ ರೂಲ್‌ನ ಬಲ ಅಂತ ಕಾಣತ್ತೆ. ನಿಮ್ಮ ಗುಂಪಿನಲ್ಲಿ ಲಿಸ್ಟ್ ಕಟ್ಟೋದ್ರಲ್ಲಿ ಅತಿ ಚುರುಕಾಗಿರೋರಿಗೆ ಹಾಳೆ ಕೊಟ್ಟು, ಇದನ್ನ ಮುರೀರಿ ಅಂತ ಹೇಳಿ. ಅವರು ಒಂದು ಸಂಜೆಯಲ್ಲಿ ಹುಡುಕಿ ಕೊಡೋದು ಬೇರೆಯವರ ಹತ್ತು ಆಟದಲ್ಲೂ ಸಿಗಲ್ಲ.

ಕೊನೆಗೆ ತಿದ್ದೋ ಕ್ರಮ. ಮಿತ್ರ ಸೇನೆ ಜಾಸ್ತಿ ಬಲವಾಗಿದೆ ಅಂತ ಖಚಿತ ಆದ್ರೆ ಮೊದಲು ಸೇತುವೆ ರೂಲ್ ಮುಟ್ಟಿ, ಅದನ್ನ ಸಣ್ಣ ಮಾಡಿ ಆಡಿ. ಸಾಲದಿದ್ರೆ ನಾಲ್ಕನೇ ಒಂದು ಭಾಗವನ್ನ ಐದನೇ ಒಂದಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಯೂನಿಟ್‌ನ ಪಾಯಿಂಟ್ಸ್ ಏರಿಸೋದಕ್ಕೆ ಕೈ ಹಾಕೋದು ಎಲ್ಲಕ್ಕಿಂತ ಕೊನೆಗೆ, ಬಿಲ್ಲುಗಾರರ ಬೆಲೆ ಏರಿಸಿದ್ರೆ ಕಾಂಬೊ ಮಾಡೋನು ಇನ್ನೊಂದು ಯೂನಿಟ್ ಹುಡುಕ್ಕೊಂಡು ಹೋಗ್ತಾನೆ, ಕಾಡು ಪಡೆಯನ್ನ ಒಂಟಿಯಾಗಿ ಆಡ್ತಿರೋನು ಮಾತ್ರ ತನಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಪ್ರತಿ ಆಟದಲ್ಲೂ ಆ ಹೆಚ್ಚಿನ ಬೆಲೆ ಕೊಡ್ತಾ ಇರ್ತಾನೆ.